ಬಡಗಣ ಗಾಳಿಯ ಹರಕೆ

ಬೆಲ್ಮಿರೋ ನನ್ನ ಅಣ್ಣನ ಮಗ. ನಮ್ಮ ಮೀನುಗಾರರ ಊರು ಅಫುರಾದದ ನದಿ ದಂಡೆಯಲ್ಲಿ, ನಾವು ಹೆಂಗಸರು ಬಟ್ಟೆ ಒಗೆಯುವ ಕಟ್ಟೆಯಿಂದ ನೂರು ಹೆಜ್ಜೆ ಆಚೆಗೆ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದಾನೆ. ಪರದೇಶದವರು ಬೆಳಿಗ್ಗೆ ಬಂದು ಸೈಕಲ್ಲಿನ ಜೊತೆಗೆ ದಾರಿ ಬರೆದ ಒಂದು ಹಾಳೆ ಪಡೆಯುತ್ತಾರೆ. ದಾರಿ ತೋರಿಸಲು ಯಾರೂ ಹೋಗುವುದಿಲ್ಲ. ಹಾಳೆ ನೋಡಿಕೊಂಡು ಅವರೇ ದೋರು ನದಿಯ ದಂಡೆ ಹಿಡಿದು ಪೋರ್ತೋ ಪಟ್ಟಣವನ್ನೋ, ಇಲ್ಲವೇ ತೆಂಕಣಕ್ಕೆ ಕಡಲಂಚನ್ನೋ ಸುತ್ತಿ ಸಂಜೆಗೆ ಮರಳಬೇಕು. ಜೊತೆಗೆ ಬಾರದೆ ಜನರನ್ನು ಊರು ಸುತ್ತಿಸುವ ಬುದ್ಧಿ ನಮ್ಮ ವಂಶದಲ್ಲಿ ಇವನೊಬ್ಬನಿಗೇ ಬಂದದ್ದು.

ನನಗೂ ಆ ಸೈಕಲ್ಲುಗಳಿಗೂ ಎಣ್ಣೆ ಸೀಗೇಕಾಯಿ. ದಂಡೆಯ ಮೇಲೆ ಕಂಬ ನೆಟ್ಟು ಹಗ್ಗ ಕಟ್ಟಿ ನಾವು ಬಟ್ಟೆ ಒಣಹಾಕುತ್ತೇವೆ. ನನ್ನಮ್ಮ ಹಾಕಿದಳು, ಅವಳಮ್ಮನೂ ಹಾಕಿದಳು. ಒಬ್ಬಳ ಹಗ್ಗದ ಬಟ್ಟೆಯನ್ನು ಇನ್ನೊಬ್ಬಳು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಆ ಜಗಳ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಅಂಥ ಕಡೆ ಈ ಪರದೇಶದವರು ಒದ್ದೆ ಬೆಡ್‌ಶೀಟುಗಳ ನಡುವೆ ನುಗ್ಗಿ, ಬೆಲ್ಲು ಬಾರಿಸಿ, ಹಲ್ಲುಬಿಟ್ಟುಕೊಂಡು ಹೋಗುತ್ತಿದ್ದರು. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರಿಗೆ ಅರ್ಥವಾಗುತ್ತಿರಲಿಲ್ಲ ಎನ್ನುವುದೇ ನನ್ನ ದೊಡ್ಡ ಸಂಕಟ.

ಇಂಥ ನಾನು ಅರವತ್ತೊಂದನೇ ವಯಸ್ಸಿನಲ್ಲಿ ಸೈಕಲ್ ಹತ್ತಬೇಕಾಯಿತು. ಹೋದ ವರ್ಷ ಜೂನ್‌ನಲ್ಲಿ ನನ್ನ ಮಗಳು ವಾನಿಯಾ ಏಳು ತಿಂಗಳಿಗೇ ಹೆತ್ತಳು. ಮಗು ಒಂದು ಕಿಲೋ ನೂರು ಗ್ರಾಂ, ಉದ್ದ ಮೂವತ್ತಾರು ಸೆಂಟಿಮೀಟರು. ಗಾಜಿನ ಪೆಟ್ಟಿಗೆಯೊಳಗೆ ಮೈತುಂಬ ನಳಿಗೆ ಚುಚ್ಚಿಸಿಕೊಂಡು ಮಲಗಿತ್ತು. ಮಿರಮಾರಿನ ಕಡಲತೀರದಲ್ಲಿ, ಮರಳಿನ ನಡುವಿನ ಒಂದು ಬಂಡೆಯ ಮೇಲೆ, ಕಡಲಿಗೆ ಬೆನ್ನು ಹಾಕಿ ಒಂದು ಚಿಕ್ಕ ಗುಡಿಯಿದೆ. ನಮ್ಮ ಕಡೆಯವರು ಕಷ್ಟಕ್ಕೆ ನೆನೆಯುವುದು ಆ ಬಂಡೆಯ ಸ್ವಾಮಿಯನ್ನೇ. ಆಸ್ಪತ್ರೆಯ ಗೋಡೆಗೆ ಹಣೆ ಒತ್ತಿ ನಾನು ಹರಕೆ ಹೊತ್ತೆ. ಈ ಕೂಸು ಉಳಿದರೆ, ಅದಕ್ಕೆ ವರ್ಷ ತುಂಬುವುದರೊಳಗೆ ನನ್ನ ಕಾಲ ಮೇಲೆ ನಿನ್ನ ಬಾಗಿಲಿಗೆ ಬರುತ್ತೇನೆ, ನನ್ನ ಕಾಲ ಮೇಲೇ ಮನೆಗೆ ಮರಳುತ್ತೇನೆ, ಯಾರ ಕೈಯನ್ನೂ ಹಿಡಿಯುವುದಿಲ್ಲ ಎಂದೆ.

ಕೂಸು ಉಳಿಯಿತು. ಬೆನೆದಿತಾ ಎಂದು ಹೆಸರಿಟ್ಟರು. ಈಗ ನನ್ನ ಮೂಗು ಹಿಡಿದು ಎಳೆಯುತ್ತದೆ. ಆದರೆ ನವೆಂಬರಿನಲ್ಲಿ ನನ್ನ ಸೊಂಟದ ಕೀಲು ಕೈಕೊಟ್ಟು, ಅದನ್ನು ತೆಗೆದು ಬೇರೆ ಹಾಕಿದರು. ಮಿರಮಾರು ತೆಂಕಣಕ್ಕೆ ಹತ್ತು ಕಿಲೋಮೀಟರು. ಡಾಕ್ಟರು ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ನಡೆಯಬೇಡ ಅಂದರು. ಸಮತಟ್ಟು ನೆಲದಲ್ಲಿ ಸೈಕಲ್ ಬೇಕಾದರೆ ಹೊಡಿ, ಅದು ಕೀಲಿಗೆ ಒಳ್ಳೆಯದು ಅಂದರು. ವಾನಿಯಾ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಳು. ಕಾರಿನಲ್ಲಿ ಹೋದರೆ ಹರಕೆ ಕಾರಿನದಾಗುತ್ತದೆ, ನನ್ನದಾಗುವುದಿಲ್ಲ ಎಂದೆ. ಪಾದ್ರಿಗಳನ್ನು ಕೇಳಿದಾಗ, ದೇವರು ನಿನ್ನ ಚಪ್ಪಲಿ ಸವೆದಿದೆಯೋ ಇಲ್ಲವೋ ಎಂದು ನೋಡುವುದಿಲ್ಲ, ಸೈಕಲ್ಲಿನಲ್ಲೇ ಹೋಗು ಎಂದರು. ನನಗೆ ಅಷ್ಟು ಸಾಕಾಗಿತ್ತು.

ಕ್ಲೆಮೆಂತಿನಾಗೆ ಸಾಕಾಗಲಿಲ್ಲ. ಇವಳು ನಲವತ್ತು ವರ್ಷದಿಂದ ನನ್ನ ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯುವವಳು. ಬೀಗಿತ್ತಿಯೂ ಅಲ್ಲ, ಗೆಳತಿಯೂ ಅಲ್ಲ, ಹಾಗೆಂದು ಒಂದು ದಿನ ಕಾಣದಿದ್ದರೆ ಮನಸ್ಸು ನಿಲ್ಲದು. ಹತ್ತು ಹೆಂಗಸರ ಮುಂದೆ ಸೋಪು ಕೆಳಗಿಟ್ಟು ಅವಳು ಹೇಳಿದಳು:

"ಕೂತ್ಕೊಂಡು ತೀರ್ಸೋ ಹರಕೆ ಇದೇ ಮೊದಲು ಕಣೇ ನಾನು ಕೇಳ್ತಿರೋದು. ಮುಂದಿನ ವರ್ಷ ಮಲ್ಕೊಂಡು ತೀರ್ಸ್ತೀಯೇನೋ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈ ಉರಿದುಹೋಯಿತು.

"ನೀನು ನಿಂತ್ಕೊಂಡಾದ್ರೂ ಒಂದು ತೀರ್ಸಿದ್ದೀಯೇನೇ?" ಎಂದೆ.

ಕ್ಲೆಮೆಂತಿನಾ ಸೋಪು ಎತ್ತಿಕೊಂಡಳು. ಒಂದೇ ಕಾಲರನ್ನು ಉಜ್ಜಿದಳು, ಉಜ್ಜಿದಳು, ಬಿಳಿಯಾದ ಮೇಲೂ ಉಜ್ಜಿದಳು. ಗೆದ್ದೆ ಎಂದುಕೊಂಡು ನಾನು ಬುಟ್ಟಿ ಎತ್ತಿ ಮನೆಗೆ ಬಂದೆ.

ಬೆಲ್ಮಿರೋ ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ಸೀಟು ಇಳಿಸಿದ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ ಕದ್ದು ಹೊಡೆದದ್ದು ಕಾಲಿಗೆ ಇನ್ನೂ ನೆನಪಿತ್ತು, ಸೊಂಟಕ್ಕೆ ಇರಲಿಲ್ಲ. ಮೂರು ವಾರ ಬೆಳ್ಳಂಬೆಳಿಗ್ಗೆ ನದಿಯ ಪಕ್ಕದಲ್ಲಿ, ದೊಡ್ಡ ಸೇತುವೆಯ ಅಡಿಯಿಂದ ವೈನಿನ ಉಗ್ರಾಣಗಳವರೆಗೆ ಹೋಗಿ ಬಂದೆ. ಎರಡು ಸಲ ಬಿದ್ದೆ. ಒಂದು ಸಲ ಬಲೆಯ ರಾಶಿಯ ಮೇಲೆ ಬಿದ್ದದ್ದಕ್ಕೆ ಮೀನುಗಾರರು ಇವತ್ತು ಒಳ್ಳೇ ಮೀನು ಸಿಕ್ಕಿತು ಎಂದು ಕೂಗಿದರು. ನಾನು ಎದ್ದು ಅವರ ಅಪ್ಪಂದಿರ ಹೆಸರು ಹಿಡಿದು ಬೈದು ಮತ್ತೆ ಹತ್ತಿದೆ.

ಕೊನೆಗೆ ಹಾಳೆ ಕೇಳಿದೆ. ಅಲ್ಲಿ ಯಾರೂ ಜೊತೆಗೆ ಬರುವ ಹಾಗಿರಲಿಲ್ಲವಲ್ಲ, ಪರದೇಶದವರಂತೆ ನಾನೂ ಹಾಳೆ ಹಿಡಿದೇ ಹೊರಡಬೇಕು. ಕೊಡಲು ಅವನು ಯಾಕೋ ಹಿಂದೆಮುಂದೆ ನೋಡಿದ. ಕಿತ್ತುಕೊಂಡು, ಪರದೇಶದ ಭಾಷೆಯ ಕೆಳಗೆ ನಮ್ಮ ಭಾಷೆಯಲ್ಲಿ ಬರೆದಿದ್ದನ್ನು ಓದಿದೆ. ಮೊದಲ ಸಾಲು ಹೀಗಿತ್ತು: ಒಗೆಯುವ ಕಟ್ಟೆಯ ಬಳಿ ಬಟ್ಟೆ ಒಣಗುತ್ತಿರುತ್ತದೆ, ಒಬ್ಬ ಹೆಂಗಸು ಬೈಯುತ್ತಾಳೆ, ಹೆದರಬೇಡಿ, ಕೈ ಬೀಸಿ ಮುಂದೆ ಹೋಗಿ.

"ಅತ್ತೆ, ಅದು ಎಲ್ಲರಿಗೂ ಇಷ್ಟ ಆಗುತ್ತೆ, ನಿಮ್ಮನ್ನ ನೋಡ್ಬೇಕು ಅಂತಾನೇ ಬರ್ತಾರೆ," ಎಂದ ಬೆಲ್ಮಿರೋ.

ಅವನಿಗೆ ಏನು ಹೇಳಿದೆ ಎಂಬುದು ಇಲ್ಲಿ ಬೇಡ. ಹಾಳೆಯ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಬೆಳಿಗ್ಗೆ ಎಂಟಕ್ಕೆ ಮೊದಲೇ ಹೊರಡಿ, ಮಧ್ಯಾಹ್ನ ಬಡಗಣ ಗಾಳಿ ಏಳುತ್ತದೆ, ತಡವಾದರೆ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಬನ್ನಿ ಎಂದು. ನನಗೆ ನಗು ಬಂತು. ಬಡಗಣ ಗಾಳಿಯ ಬಗ್ಗೆ ಈ ಹುಡುಗ ನನಗೆ ಪಾಠ ಹೇಳುವುದೇ? ಹುಟ್ಟಿದಾಗಿನಿಂದ ಅದು ನನ್ನ ಗಾಳಿ. ಒದ್ದೆ ಬೆಡ್‌ಶೀಟನ್ನು ಗಂಟೆಯೊಳಗೆ ಗರಿಗರಿ ಮಾಡಿ ಕೊಡುವ ಗಾಳಿ. ಅದು ಏಳದ ದಿನ ನಾವು ಹೆಂಗಸರು ಆಕಾಶಕ್ಕೆ ಶಾಪ ಹಾಕುತ್ತೇವೆ.

ಮಗುವಿನ ಹುಟ್ಟುಹಬ್ಬಕ್ಕೆ ಮೂರು ದಿನ ಉಳಿದಿತ್ತು. ಬೆಳಿಗ್ಗೆಯೆಲ್ಲ ಒಗೆದೆ. ಹನ್ನೆರಡಕ್ಕೆ ಗಾಳಿ ಎದ್ದದ್ದೇ ಆರು ಬೆಡ್‌ಶೀಟು ಹಗ್ಗಕ್ಕೆ ಹಾಕಿದೆ. ನಾನು ಬರುವಷ್ಟರಲ್ಲಿ ಒಣಗಿರುತ್ತವೆ ಎನ್ನುವುದು ನನ್ನ ಲೆಕ್ಕ. ಮಗು ಹುಟ್ಟಿದಾಗ ಇದ್ದಷ್ಟೇ ಉದ್ದದ ಮೇಣದ ಬತ್ತಿಯನ್ನು ಕ್ಯಾರಿಯರಿಗೆ ಕಟ್ಟಿ, ಬ್ರೆಡ್ಡು, ಸುಟ್ಟ ಬೂತಾಯಿ ಮೀನು ಬುಟ್ಟಿಗೆ ಹಾಕಿ ಹೊರಟೆ. ಕ್ಲೆಮೆಂತಿನಾ ಕಲ್ಲಿನ ಹತ್ತಿರ ನಿಂತು ನೋಡಿದಳು.

ಹೋಗುವಾಗಿನ ಸುಖ ಏನೆಂದು ಹೇಳಲಿ. ನದಿ ಕಡಲು ಸೇರುವ ಅಳಿವೆಯಲ್ಲಿ ಹಕ್ಕಿಗಳ ಮರಳುದಿಬ್ಬ ದಾಟಿದೆ, ಲವಾದೋರೆಸಿನ ಬಂಡೆಗಳನ್ನು ದಾಟಿದೆ, ಮದಲೇನಾ ದಾಟಿದೆ. ಗಾಳಿ ಬೆನ್ನಿಗೆ ಕೈಯಿಟ್ಟು ತಳ್ಳುತ್ತಿತ್ತು. ಪೆಡಲ್ ಮೇಲೆ ಕಾಲು ಸುಮ್ಮನೆ ಇಟ್ಟಿದ್ದೆ ಅಷ್ಟೆ. ಇಪ್ಪತ್ತು ವರ್ಷದ ಹುಡುಗರನ್ನು ಹಿಂದೆ ಹಾಕಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿ ಗಟ್ಟಿಯಾಗಿ ಹಾಡಿದೆ. ಗಂಟೆ ಕಳೆಯುವುದರೊಳಗೆ ಬಂಡೆಯ ಗುಡಿ ಕಂಡಿತು.

ಬಾಗಿಲು ತೆರೆದಿತ್ತು. ಬತ್ತಿ ಹಚ್ಚಿದೆ. ಮೂವತ್ತಾರು ಸೆಂಟಿಮೀಟರು ಎಷ್ಟು ಚಿಕ್ಕದು ಎಂದು ಆಗ ತಿಳಿಯಿತು. ಅಲ್ಲೇ ನಿಂತು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹೊರಗೆ ಬಂದು ಸೈಕಲ್ಲನ್ನು ಊರಿನ ಕಡೆ ತಿರುಗಿಸಿದೆ. ಗಾಳಿ ಮುಖಕ್ಕೆ ಹೊಡೆಯಿತು. ಹಲ್ಲಿನ ಸಂದಿಗೆಲ್ಲ ಮರಳು. ಮೈಬಗ್ಗಿಸಿ ತುಳಿದೆ, ಇನ್ನೂರು ಗಜ ಹೋಗುವಷ್ಟರಲ್ಲಿ ಉಸಿರು ಕಟ್ಟಿತು, ಸೈಕಲ್ ನಿಂತೇಬಿಟ್ಟಿತು. ಮತ್ತೆ ಹತ್ತಿದೆ, ಗಾಳಿ ಮತ್ತೆ ಇಳಿಸಿತು. ನಲವತ್ತು ವರ್ಷ ನನ್ನ ಬಟ್ಟೆ ಒಣಗಿಸಿದ ಗಾಳಿ ಆವತ್ತು ನನ್ನ ಗುರುತೇ ಇಲ್ಲದವರಂತೆ ಆಡಿತು. ತಪ್ಪು ನನ್ನದೇ. ಬಟ್ಟೆಯ ಲೆಕ್ಕದಲ್ಲಿ ಗಾಳಿಯನ್ನು ಅಳೆದಿದ್ದೆ, ಅದಕ್ಕೊಂದು ದಿಕ್ಕಿದೆ ಎನ್ನುವುದನ್ನು ಮರೆತಿದ್ದೆ.

ಮಿರಮಾರಿನ ರೈಲು ನಿಲ್ದಾಣ ಹತ್ತಿರದಲ್ಲೇ ಇದೆ. ಹೋದೆ. ಟಿಕೆಟ್ಟನ್ನೂ ತೆಗೆದುಕೊಂಡು ಬೆಂಚಿನ ಮೇಲೆ ಕೂತೆ. ಕಾಲು ಗಂಟೆಗೆ ರೈಲು ಬಂತು, ಬಾಗಿಲು ತೆರೆಯಿತು. ಒಳಗೆ ತಂಪಾಗಿ, ಸೀಟು ಖಾಲಿಯಾಗಿ ಕಾಣುತ್ತಿತ್ತು. ನಾನು ಹೊತ್ತದ್ದು ಹೋಗುವ ಹರಕೆಯಷ್ಟೇ ಅಲ್ಲ, ಬರುವುದನ್ನೂ ಸೇರಿಸಿ ಹೇಳಿದ್ದೆ. ಆವತ್ತು ಬಂಡೆಯ ಸ್ವಾಮಿ ಅರ್ಧ ಮಗುವನ್ನು ಉಳಿಸಿಕೊಡಲಿಲ್ಲವಲ್ಲ. ಬಾಗಿಲು ಮುಚ್ಚಿತು, ರೈಲು ಹೋಯಿತು. ನಾನು ಟಿಕೆಟ್ಟನ್ನು ಹರಿದು ಡಬ್ಬಿಗೆ ಹಾಕಿ ತೀರದ ಕಡೆ ನಡೆದೆ.

ಹೌದು, ನಡೆದೆ. ಹತ್ತಲಾಗದ ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದೊಂದೇ ಉಳಿದಿತ್ತು. ಸ್ವಲ್ಪ ದೂರ ಹೋದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹ್ಯಾಂಡಲ್ ಮೇಲೆ ಭಾರ ಬಿಟ್ಟರೆ ಸೊಂಟ ತಡೆದುಕೊಳ್ಳುತ್ತಿತ್ತು. ಅರ್ಧ ಗಂಟೆ ನಡೆದು ಡಾಕ್ಟರು ಹೇಳಿದಂತೆ ಕೂತೆ, ಎದ್ದೆ, ಮತ್ತೆ ಅರ್ಧ ಗಂಟೆ ನಡೆದೆ. ವಲದಾರೆಸ್ ಬಂತು. ಮೀನು ತಿಂದು ಮುಗಿಸಿದೆ. ಮದಲೇನಾ ಬರುವಾಗ ಸೊಂಟ ಸುಡುತ್ತಿತ್ತು, ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಬೆಲ್ಮಿರೋನ ಹಾಳೆ ಹಿಡಿದ ಗಂಡ ಹೆಂಡತಿ ಇಬ್ಬರು ಹಿಂದಿನಿಂದ ಬಂದು ನನ್ನ ಪಕ್ಕ ಇಳಿದರು, ಕೈ ಚಾಚಿ ಸೈಕಲ್ ಹಿಡಿಯುತ್ತೇವೆ ಎಂದು ಸನ್ನೆ ಮಾಡಿದರು. ಯಾರ ಕೈಯನ್ನೂ ಹಿಡಿಯುವುದಿಲ್ಲ ಎಂದಿದ್ದೆನಲ್ಲ. ಬೇಡ ಎಂದೆ. ಅವರು ಬಿಡಲಿಲ್ಲ. ಆಗ ಅಭ್ಯಾಸದಂತೆ ಬೈದೆ. ಇಬ್ಬರೂ ಮುಖ ಮುಖ ನೋಡಿಕೊಂಡರು, ಹಾಳೆ ನೋಡಿದರು, ಸಂತೋಷದಿಂದ ನನಗೆ ಕೈ ಬೀಸಿ ಮುಂದೆ ಹೋದರು.

ಅಫುರಾದ ಸೇರುವಾಗ ಎಂಟೂವರೆ. ಜೂನ್ ತಿಂಗಳ ಉದ್ದ ಹಗಲು, ಸೂರ್ಯ ಅಳಿವೆಯ ಮೇಲೆ ಇನ್ನೂ ಇದ್ದ. ಮೊದಲು ಕಂಡದ್ದು ನನ್ನ ಹಗ್ಗ. ಖಾಲಿ. ಆರು ಬೆಡ್‌ಶೀಟೂ ಗಾಳಿಗೆ ಹಾರಿ ನದಿಯ ಪಾಲಾದವು ಎಂದುಕೊಂಡೆ. ಆಗ ಕಟ್ಟೆಯ ಪಕ್ಕ, ಬೋರಲು ಹಾಕಿದ ಬುಟ್ಟಿಯ ಮೇಲೆ ಕ್ಲೆಮೆಂತಿನಾ ಕೂತಿರುವುದು ಕಂಡಿತು. ತೊಡೆಯ ಮೇಲೆ ನನ್ನ ಬೆಡ್‌ಶೀಟುಗಳಿದ್ದವು, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದಳು.

"ಹಗ್ಗ ಕಿತ್ಕೊಂಡು ಹೋಗೋ ಹಾಗಿತ್ತು. ಮುಟ್ಟಿದ್ದೀನಿ. ಬೈಯೋದಿದ್ರೆ ಬೈದು ಮುಗಿಸು," ಎಂದಳು.

ಬೈಯಲು ನನ್ನಲ್ಲಿ ಉಸಿರಿರಲಿಲ್ಲ. ಸೈಕಲ್ ಕೆಟ್ಟಿತೇ ಎಂದು ಕೇಳಿದಳು. ಇಲ್ಲ, ಮಿರಮಾರಿನಿಂದ ನಡೆದುಕೊಂಡೇ ಬಂದೆ ಎಂದೆ. ಅವಳು ನನ್ನ ಬೂಟಿನ ಮರಳನ್ನು ನೋಡಿದಳು, ಅಂಗೈ ತಿರುಗಿಸಿ ಗುಳ್ಳೆ ನೋಡಿದಳು.

"ಹೋಗೋವಾಗ ಕೂತೆ, ಬರೋವಾಗ ನಡೆದೆ. ದೇವರಿಗೆ ಬೆನ್ನು ಹಾಕ್ಕೊಂಡು ನಡೆದೆ ಅನ್ನು."

"ಅವನೇ ಕಡಲಿಗೆ ಬೆನ್ನು ಹಾಕ್ಕೊಂಡು ನಿಂತಿದ್ದಾನೆ. ಅವನಿಗೆ ಅರ್ಥ ಆಗುತ್ತೆ."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಬೆಡ್‌ಶೀಟಿನ ಮಡಿಕೆಯನ್ನು ಉಗುರಿನಿಂದ ತೀಡುತ್ತ ಮಾತಾಡಿದಳು. ಹತ್ತೊಂಬತ್ತು ವರ್ಷದ ಹಿಂದೆ ಅವಳ ಗಂಡ ಆದೆಲಿನೋ ಇದ್ದ ದೋಣಿ ಎರಡು ದಿನ ಕಾಣೆಯಾಗಿದ್ದದ್ದು ಊರಿಗೆಲ್ಲ ಗೊತ್ತು. ಆಗ ಅವಳೂ ಬಂಡೆಯ ಸ್ವಾಮಿಗೆ ಕಾಲ್ನಡಿಗೆಯ ಹರಕೆ ಹೊತ್ತಿದ್ದಳಂತೆ. ಅದು ಯಾರಿಗೂ ಗೊತ್ತಿಲ್ಲ. ಮೂರನೇ ದಿನ ಆದೆಲಿನೋ ಬಂದ. ಆ ವರ್ಷ ಅತ್ತೆಗೆ ಕಾಯಿಲೆ, ಮುಂದಿನ ವರ್ಷ ಇವಳ ಮಂಡಿ ನೋವು, ಆಮೇಲೆ ಬರೀ ನಾಚಿಕೆ. ನಾಲ್ಕು ವರ್ಷದ ಹಿಂದೆ ಆದೆಲಿನೋ ಹಾಸಿಗೆಯಲ್ಲೇ ತೀರಿಕೊಂಡ.

"ಹದಿನೈದು ವರ್ಷ ಕೊಟ್ಟ ಆ ಸ್ವಾಮಿ. ನಾನು ಒಂದು ದಿನ ಕೊಡ್ಲಿಲ್ಲ ಕಣೇ."

ಕಾಲರು ಉಜ್ಜುತ್ತ ನಿಂತ ಅವಳ ಮುಖ ನನಗೆ ನೆನಪಾಯಿತು. ನನ್ನ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವಳು ಸೈಕಲ್ಲಿನ ಕಡೆ ನೋಡದೆಯೇ, ಆ ಸೀಟು ಇನ್ನೂ ಕೆಳಗೆ ಇಳಿಯುತ್ತದೆಯೇ, ತಾನು ನನಗಿಂತ ಗಿಡ್ಡ ಎಂದಳು.

ನಾನು ಹ್ಯಾಂಡಲ್ಲನ್ನು ಅವಳ ಕೈಗೆ ಕೊಟ್ಟೆ.

"ಸೀಟಿನ ಮಾತು ಬಿಡು. ಇದರ ಮೇಲೆ ಭಾರ ಹಾಕು, ನಡೆ. ಅರ್ಧ ಗಂಟೆಗೊಂದು ಸಲ ಕೂರು. ನಾಳೆ ಎಂಟಕ್ಕೆ ಮೊದಲೇ ಹೊರಡು, ಗಾಳಿ ನಂಬಬೇಡ. ನಾನು ಜೊತೆಗೆ ಬರಲ್ಲ. ಹಾಳೆ ಇದೆ."

ಹಾಳೆ ಕೊಟ್ಟೆ. ಅವಳು ಮೊದಲ ಸಾಲು ಓದಿ, ನನ್ನ ಮುಖ ನೋಡಿ, ಆವತ್ತು ಮೊದಲ ಸಲ ನಕ್ಕಳು. ಮತ್ತೆ ಮುಖ ಬಾಡಿತು. ನಾಳೆ ತನಗೆ ಒಂದು ಬುಟ್ಟಿ ತುಂಬ ಬಟ್ಟೆಯಿದೆ ಎಂದಳು.

"ಕಲ್ಲಿನ ಮೇಲೆ ಇಟ್ಟು ಹೋಗು. ನಾನು ಒಗೆದು ಹಾಕ್ತೀನಿ," ಎಂದೆ.

ಅವಳು ಸೈಕಲ್ ಹಿಡಿದು ಖಾಲಿ ಕಂಬಗಳ ನಡುವೆ ಹತ್ತು ಹೆಜ್ಜೆ ತಳ್ಳಿದಳು. ಮಂಡಿ ಬಾಗುತ್ತಿತ್ತು, ಆದರೂ ನಡೆದಳು. ನಾನು ಅವಳ ಬುಟ್ಟಿಯ ಮೇಲೆ ಕೂತು ಬೂಟಿನ ಮರಳನ್ನು ಕೊಡವಿದೆ.