ಮುಚ್ಚಿದ ಗೂಡಿನ ಕನ್ನೊನ್

ನಾರಾ ಊರಿನ ಗುಡ್ಡದಡಿಯ ನಮ್ಮ ಸನ್ಯಾಸಿನಿಯರ ಮಠದಲ್ಲಿ ಕರುಣೆಯ ದೇವಿ ಕನ್ನೊನ್‌ಳನ್ನು ಯಾರೂ ನೋಡುವಂತಿಲ್ಲ. ಕರಿ ಅರಗು ಬಳಿದ ಮರದ ಗೂಡಿನೊಳಗೆ ಆಕೆ, ಹೊರಗೆ ನಾವು. ಹಬ್ಬಕ್ಕೂ ಬಾಗಿಲು ತೆಗೆಯುವುದಿಲ್ಲ. ಹಿರಿಯರಾದ ಮ್ಯೋಎನ್ ಅಮ್ಮನವರು ಹುಡುಗಿಯಾಗಿ ಇಲ್ಲಿಗೆ ಬಂದವರು, ಈಗ ಬೆನ್ನು ಬಾಗಿದೆ, ಅವರೂ ನೋಡಿಲ್ಲ. ದಿನಾ ಬೆಳಿಗ್ಗೆ ಮುಚ್ಚಿದ ಬಾಗಿಲಿಗೇ ಅನ್ನ, ಚಹಾ ಇಡುತ್ತಾರೆ. ನಿಮಗೆ ವಿಚಿತ್ರ ಅನ್ನಿಸಿದರೆ ಅನ್ನಿಸಲಿ.

ನಾನು ನೆಲಕ್ಕೆ ಹಾಸುವ ದಪ್ಪ ಚಾಪೆ ಹೊಲಿಯುವವನು. ಕಳೆದ ವಸಂತದಲ್ಲಿ ಗೂಡಿನ ಮುಂದಿನ ಹಳೇ ಚಾಪೆ ಬದಲಿಸಲು ಹೋದಾಗ, ಬಾಗಿಲ ಸಂದಿಯ ಕೆಳಗೆ ಹಿಟ್ಟಿನಂಥ ಪುಡಿ ಕಂಡಿತು. ಬೆರಳಲ್ಲಿ ಉಜ್ಜಿ ನೋಡಿದೆ. ಮರದ ಪುಡಿ. ಒಳಗೆ ಹುಳ ಬಿದ್ದಿದೆ.

ಕಿರಿಯ ಸನ್ಯಾಸಿನಿ ಜಕುಶುನ್ ಓಡಿ ಬಂದಳು. ಧೂಳು ಹೊಡೆಯುವ ನೆಪದಲ್ಲಿ ಆ ಸಂದಿಗೆ ಮೂಗು ಹಚ್ಚುವವಳು ಅವಳು. ದೇವಿಗೆ ಸಾವಿರ ಕೈ ಎಂದು ಊರಲ್ಲಿ ಕೆಲವರು, ಎರಡೇ ಎಂದು ಕೆಲವರು. ಒಳಗೆ ಏನೂ ಇಲ್ಲ ಎನ್ನುವವನು ನಾನು. ಹೆಂಡದಂಗಡಿಯಲ್ಲಿ ಎಲ್ಲರೆದುರೂ ಹೇಳಿದ್ದೇನೆ.

ತೆರೆಯದಿದ್ದರೆ ಮರದ ದೇವಿ ಹಿಟ್ಟಾಗುತ್ತಾಳೆ. ತೆರೆದರೆ ಗುರುಪರಂಪರೆ ಕಾದ ನಿಯಮ ಮ್ಯೋಎನ್ ಅಮ್ಮನವರ ಕೈಯಲ್ಲೇ ಮುರಿಯುತ್ತದೆ. ಅವರು ಪುಡಿಯನ್ನೇ ನೋಡುತ್ತ ಕೂತರು. ಚಹಾ ಆರಿತು.

"ಅಮ್ಮನವರೇ, ಹುಳಕ್ಕೆ ನಿಯಮ ಗೊತ್ತಿಲ್ಲ," ಅಂದಳು ಜಕುಶುನ್.

"ನೋಡ್ಬೇಡ ಅಂದಿದ್ರು ನನ್ನ ಗುರುಗಳು. ಮುಟ್ಬೇಡ ಅಂದಿದ್ದು ನೆನಪಿಲ್ಲ."

ಅಮ್ಮನವರು ದೇವಿಗೆ ಉಸಿರು ತಾಗದಂತೆ ಬಾಯಿಗೆ ಕಾಗದ ಕಟ್ಟಿಕೊಂಡರು, ಕಣ್ಣಿಗೆ ಬಿಳಿ ಬಟ್ಟೆ. ನಮ್ಮಿಬ್ಬರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದರು. ನನಗೆ ಆಗಲೇ ಕತ್ತು ತುರಿಸಬೇಕೇ? ಹಿಂದೆ ಬಾಗಿಲು ಕಿರುಗುಟ್ಟಿತು. ಪೀಠ ಮುಟ್ಟಿದ ಕಡೆಯೆಲ್ಲ ಉದುರುತ್ತಿದೆ, ಅದರ ಮೇಲಿನ ಪಾದ ಮಾತ್ರ ಗಟ್ಟಿ ಎಂದರು. ಸರಿ, ನಾನು ಸೋತೆ, ಒಳಗೆ ಏನೋ ಇದೆ.

"ಎಷ್ಟು ಕೈ, ಅಮ್ಮನವರೇ?" ಹುಡುಗಿಗೆ ತಡೆಯಲಾಗಲಿಲ್ಲ.

"ಸುಮ್ನಿರೇ. ಮುಖದ ಹತ್ರ ಇದ್ದೀನಿ." ಆಮೇಲೆ, "ಮೂಗಿಲ್ಲ."

ಹುಳ ಅಲ್ಲಿಗೂ ಹೋಯಿತೇ ಎಂದು ಕೇಳಿದೆ.

"ಹುಳ ಅಲ್ಲಪ್ಪ. ಸವೆದಿದೆ. ಕೆನ್ನೇನೂ ಹೊಳೆಕಲ್ಲಿನ ಥರ ನುಣ್ಣಗಾಗಿದೆ. ನನ್ನ ಬೆರಳು ಎಲ್ಲೆಲ್ಲಿ ಹೋಗುತ್ತೋ, ಅಲ್ಲೆಲ್ಲ ಮೊದಲೇ ಯಾರ್ಯಾರದೋ ಬೆರಳು ಓಡಾಡಿವೆ."

ಅವರ ಗುರು, ಗುರುವಿನ ಗುರು, ಬಾಗಿಲು ತೆರೆದೇ ಇಲ್ಲ ಎಂದು ಹೇಳಿಕೊಂಡು ಬಂದವರೆಲ್ಲ ಮುಟ್ಟಿದವರೇ! ಹಿಂದಿನಿಂದ ಸಣ್ಣ ಸದ್ದು ಕೇಳಿತು. ನಕ್ಕರೋ, ಅತ್ತರೋ, ಗೋಡೆ ನೋಡುತ್ತಿದ್ದ ನನಗೆ ಹೇಗೆ ಗೊತ್ತಾಗಬೇಕು?

"ಜಕುಶುನ್, ಕೈ ತೊಳ್ಕೊಂಡು ಬಾ. ಕಣ್ಣಿಗೆ ಬಟ್ಟೆ ಕಟ್ಕೋ."

ನಾನೂ ಬರಲೇ ಎಂದೆ. ಬಡಗಿಗೆ ಹೊಸ ಪೀಠ ಹೇಳಿ ಬಾ ಎಂದು ನನ್ನನ್ನು ಓಡಿಸಿದರು. ಎಷ್ಟು ಕೈ ಎಂದು ಈಗಲೂ ಆ ಹುಡುಗಿಯನ್ನು ಕೇಳುತ್ತಿರುತ್ತೇನೆ. ಬಾಯಿ ಬಿಡುವುದಿಲ್ಲ, ಕಳ್ಳಿ. ಅವಳೂ ಗುಟ್ಟು ಕಾಯುವ ಮಠದವಳೇ ಆಗಿಹೋಗಿದ್ದಾಳೆ.