ನೀರಿಲ್ಲದ ಲೋಟ

ಮೇಷ್ಟ್ರು ಬಾಟಲಿಯನ್ನು ಲೋಟದ ಮೇಲೆ ಬಗ್ಗಿಸಿದಾಗ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ನೀರು ಬಿತ್ತು. ಒಣಗಿ ಬಿರುಕು ಬಿಟ್ಟ ಮಣ್ಣು ನೀರನ್ನು ಮೊದಲು ಒಳಗೆ ಬಿಟ್ಟುಕೊಳ್ಳಲಿಲ್ಲ. ಮೇಲೆಯೇ ನಿಂತು, ನಾಲ್ಕೈದು ಗುಳ್ಳೆ ಬಿಟ್ಟು, ಆಮೇಲೆ ಮೆಲ್ಲಗೆ ಇಳಿಯಿತು. ಬೀನ್ಸ್ ಗಿಡ ಲೋಟದ ಅಂಚಿನ ಮೇಲೆ ಕತ್ತು ಚೆಲ್ಲಿ ಬಿದ್ದಿತ್ತು. ಅವರು ಬಾಗಿಲ ಕಡೆ ತಿರುಗಿ ನೋಡಿದರು. ಶಾಲೆ ಬಿಟ್ಟು ಒಂದು ಗಂಟೆಯಾಗಿತ್ತು. ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದ ಸ್ವಂತ ಕ್ಲಾಸಿನಲ್ಲಿ ಕಳ್ಳನ ಹಾಗೆ ನಿಂತಿದ್ದರು.

ಲೋಟಕ್ಕೆ ಅಂಟಿಸಿದ ಚೀಟಿಯಲ್ಲಿ ಅವರದೇ ಅಕ್ಷರವಿತ್ತು: 'ಬಿಸಿಲು ಇದೆ. ನೀರು ಇಲ್ಲ.'

ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಆರು ಮೇಜು, ಮೇಜಿಗೆ ಮೂವರು. ಪ್ರತಿ ಮೇಜಿನಲ್ಲಿ ಮೂರು ಲೋಟ. ಒಂದಕ್ಕೆ ಬಿಸಿಲು, ನೀರು ಎರಡೂ. ಒಂದಕ್ಕೆ ನೀರು ಮಾತ್ರ, ಅದು ಬೀರುವಿನೊಳಗಿನ ಕತ್ತಲಲ್ಲಿ. ಇನ್ನೊಂದಕ್ಕೆ ಬಿಸಿಲು ಮಾತ್ರ. ಎಲ್ಲ ಗಿಡಗಳಿಗೂ ನಾಲ್ಕು ಎಲೆ ಬಂದ ಮೇಲೆ, ಯಾರಿಗೆ ಯಾವ ಲೋಟ ಎಂದು ಚೀಟಿ ಎತ್ತಿಸಿದ್ದರು. ಐದು ಮೇಜುಗಳಲ್ಲಿ ಗಲಾಟೆಯಿಲ್ಲದೆ ಮುಗಿಯಿತು. ಆರನೇ ಮೇಜಿನಲ್ಲಿ ನೀರಿಲ್ಲದ ಚೀಟಿ ಡಾಕ್ಟರ ಮಗನಿಗೆ ಬಂತು. ಅವನು ತುಟಿ ಉಬ್ಬಿಸಿ, "ನನ್ನ ಗಿಡ ಸಾಯೋದಾದ್ರೆ ನಾನು ಅಮ್ಮಂಗೆ ಹೇಳ್ತೀನಿ" ಅಂದ.

ಮೇಷ್ಟ್ರುಗಳ ಹತ್ತಿರ ಒಂದು ಲೆಕ್ಕ ಇರುತ್ತದೆ, ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ಯಾವ ಮಗುವಿನ ಮನೆಯಿಂದ ಫೋನು ಬರುತ್ತದೆ, ಯಾವ ಮಗುವಿನ ಮನೆಯಿಂದ ಬರುವುದಿಲ್ಲ ಎನ್ನುವ ಲೆಕ್ಕ. ಇವರು ಆ ಲೆಕ್ಕ ಹಾಕುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗಿಯ ಬೆರಳ ಸಂದಿಯಿಂದ ಚೀಟಿ ಎಳೆದುಕೊಂಡು ಅವನಿಗೆ ಕೊಟ್ಟು, ಅವನದನ್ನು ಇವಳಿಗೆ ಕೊಟ್ಟರು. "ನೀನು ಜಾಣೆ ಪುಟ್ಟಿ. ಕಷ್ಟದ್ದನ್ನ ಜಾಣರೇ ಮಾಡ್ಬೇಕು" ಅಂದರು.

ಎಳೆದುಕೊಂಡ ಚೀಟಿಯಲ್ಲಿ ಬಿಸಿಲು, ನೀರು ಎರಡೂ ಇತ್ತು. ಅವಳು ಅದನ್ನು ಆಗಲೇ ಓದಿಕೊಂಡಿದ್ದಳು.

"ಸರಿ ಸಾರ್" ಅಂದಳು.

ಅವಳನ್ನು ಎಲ್ಲರೂ ಸ್ಕೇಲು ಅನ್ನುತ್ತಿದ್ದರು. ಬೆಂಚು, ಚಪ್ಪಲಿ, ಮೂಗು, ಸತ್ತ ಜಿರಳೆ, ಏನು ಸಿಕ್ಕರೂ ಅಳೆಯುತ್ತಿದ್ದಳು. ಅವಳ ಅಪ್ಪ ಪೇಟೆಯ ಕೊನೆಯ ತಿರುವಿನಲ್ಲಿ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್. ದಾಖಲಾತಿಯ ದಿನ ಬಿಟ್ಟರೆ ಶಾಲೆಯ ಕಡೆ ತಲೆ ಹಾಕಿದವನಲ್ಲ.

ಒಂಬತ್ತು ದಿನ ಅವಳು ಒಂದು ಹನಿ ನೀರು ಮುಟ್ಟಿಸಲಿಲ್ಲ. ಪಕ್ಕದ ಮೇಜಿನವರು ತಮ್ಮ ಲೋಟಕ್ಕೆ ಕದ್ದು ಎಂಜಲು ಉಗಿಯುತ್ತಿದ್ದರು, ಅದೂ ನೀರೇ ತಾನೆ ಎಂದು ವಾದ ಮಾಡುತ್ತಿದ್ದರು. ಇವಳು ಬೆಳಿಗ್ಗೆ ಬಂದ ಕೂಡಲೇ ಗಿಡದ ಮುಂದೆ ಕೂತು ಅಳೆದು ಬರೆಯುವಳು. 'ಐದನೇ ದಿನ. ಕೆಳಗಿನ ಎಲೆ ಬಾಗಿದೆ.' 'ಏಳನೇ ದಿನ. ಮುಟ್ಟಿದರೆ ಬಟ್ಟೆಯ ಹಾಗಿದೆ.' ಒಂಬತ್ತನೇ ದಿನ ಬರೆದದ್ದನ್ನು ಓದಿಯೇ ಮೇಷ್ಟ್ರಿಗೆ ಕೂರಲಾಗದೆ ಹೋದದ್ದು. 'ಇದಕ್ಕೆ ನೀರು ಬೇಕು ಅನಿಸುತ್ತದೆ. ಅನಿಸಿದ್ದನ್ನು ಬರೆಯಬಾರದು, ಅದಕ್ಕೇ ಹೊಡೆದು ಹಾಕಿದ್ದೇನೆ.' ನಿಜವಾಗಿಯೂ ಮೊದಲ ಸಾಲಿನ ಮೇಲೆ ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದಿದ್ದಳು. 'ಕಂಡದ್ದನ್ನು ಬರೆ, ಅನಿಸಿದ್ದನ್ನಲ್ಲ' ಎಂದು ಗೋಡೆಗೆ ಬರೆದು ಹಾಕಿದವರು ಮೇಷ್ಟ್ರೇ.

ಅವತ್ತು ಸಂಜೆ ನೀರು ಹಾಕಿದರು. ಹಾಕಿದ ಮೇಲೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಸ್ವಲ್ಪ ಆಗಿಯೂ ಇತ್ತು.

ಮರುದಿನ ಗುರುವಾರ ಬೆಳಿಗ್ಗೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು.

"ಸಾರ್, ನನ್ನ ಲೋಟಕ್ಕೆ ಯಾರೋ ನೀರು ಹಾಕಿದಾರೆ."

"ಹೌದಾ? ರಾತ್ರಿ ಗಾಳಿಲಿ ತೇವ ಇರುತ್ತಲ್ಲಮ್ಮ. ಕಿಟಕಿ ಪಕ್ಕ ಬೇರೆ ಇದೆ."

ಅವಳು ಯೋಚಿಸಿದಳು. ಮೇಷ್ಟ್ರು ಹೇಳಿದ್ದನ್ನು ತಳ್ಳಿಹಾಕುವ ಮಗುವಲ್ಲ ಅವಳು. "ಗಾಳಿ ಅಷ್ಟೊಂದು ಹಾಕುತ್ತಾ ಸಾರ್? ಕೆಳಗಿನ ತಟ್ಟೆಲೂ ನಿಂತಿದೆ. ಪಕ್ಕದ ಮೇಜಿನ ಲೋಟಕ್ಕೆ ಯಾಕೆ ಹಾಕಿಲ್ಲ?"

"ನೋಡೋಣ ಹೋಗು, ಬೆಲ್ಲಾಯ್ತು" ಅಂದರು ಮೇಷ್ಟ್ರು. ಬೆಲ್ಲಾಗಿರಲಿಲ್ಲ.

ಶುಕ್ರವಾರ ಪ್ರದರ್ಶನ. ಮೇಜುಗಳಿಗೆ ಬಿಳಿ ಬಟ್ಟೆ ಹಾಸಿ ಲೋಟಗಳನ್ನು ಸಾಲಾಗಿ ಜೋಡಿಸಿದ್ದರು. ತಂದೆ ತಾಯಿಯರು ತುಂಬಿಕೊಂಡಿದ್ದರು. ಮೆಕ್ಯಾನಿಕ್ಕೂ ಬಂದಿದ್ದ. ಇಸ್ತ್ರಿ ಮಾಡಿದ ಶರ್ಟು ಹಾಕಿ, ಕೈಗಳನ್ನು ಪೆಟ್ರೋಲಿನಲ್ಲಿ ತಿಕ್ಕಿ ತಿಕ್ಕಿ ತೊಳೆದಿದ್ದರೂ ಉಗುರಿನ ಅಂಚಿನ ಕಪ್ಪು ಹೋಗಿರಲಿಲ್ಲ. ಅದಕ್ಕೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಮಗಳು ಮಾತ್ರ ಅವನ ಮೊಣಕೈ ಹಿಡಿದು ಎಳೆದು, ಇದು ಬೀರುವಿನ ಗಿಡ, ಬಿಳುಚಿದೆ ನೋಡು, ಇದು ನನ್ನದು, ಅನ್ನುತ್ತಿದ್ದಳು.

ಐದು ಮೇಜುಗಳಲ್ಲಿ ನೀರಿಲ್ಲದ ಗಿಡಗಳು ಹಳೆಯ ದಾರದ ಹಾಗೆ ಮುದುರಿ ಬಿದ್ದಿದ್ದವು. ಇವಳದು ಮಾತ್ರ ಸೆಟೆದು ನಿಂತಿತ್ತು.

"ಮೋಸ!" ಅಂತ ಡಾಕ್ಟರ ಮಗ ಕೂಗಿದ. "ಮೇಡಂ, ಸ್ಕೇಲು ಕದ್ದು ನೀರು ಹಾಕಿದಾಳೆ! ನಮ್ ಮೇಜಿನ ಪ್ರಯೋಗಾನೇ ಹಾಳು ಮಾಡಿದ್ಲು!"

ಹೆಡ್ ಮೇಡಂ ಕನ್ನಡಕ ಏರಿಸಿ ಅವಳ ನೋಟ್‌ಬುಕ್ಕು ತೆಗೆದುಕೊಂಡು ಗಟ್ಟಿಯಾಗಿ ಓದಿದರು. "'ಹತ್ತನೇ ದಿನ. ಎಲೆ ಎದ್ದಿದೆ. ಮಣ್ಣು ಒದ್ದೆ. ಯಾರೋ ನೀರು ಹಾಕಿದ್ದಾರೆ. ನಾನಲ್ಲ.'" ಸುತ್ತ ನಿಂತವರನ್ನು ನೋಡಿ ನಕ್ಕರು. "ನಾನಲ್ಲ ಅಂತೆ! ಯಾರಾದ್ರೂ ಕೇಳಿದ್ರೇನೇ ನಿನ್ನ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳಂತೆ."

ಎಲ್ಲರೂ ನಕ್ಕರು. ಮೇಷ್ಟ್ರ ಕೈ ಹೆಗಲ ಕಡೆ ಹೋಗಲಿಲ್ಲ ಅಷ್ಟೆ. ಬಾಯಿ ತೆರೆದರು. ಈಗ ಹೇಳಿಬಿಡುತ್ತೇನೆ ಎಂದೇ ತೆರೆದದ್ದು. ಎದುರಿಗೆ ಹೆಡ್ ಮೇಡಂ, ಡಾಕ್ಟರ ಹೆಂಡತಿ, ಫೋಟೋ ತೆಗೆಯುವವನು. ಬಾಯಿಂದ ಬಂದದ್ದು ಬೇರೆ.

"ಹೋಗ್ಲಿ ಬಿಡಿ ಮೇಡಂ. ಗಿಡ ಒಣಗೋದು ನೋಡೋಕಾಗಿಲ್ಲ, ಪಾಪ. ಅದೂ ಕರುಳೇ ತಾನೆ? ಈ ಸಲ ಕ್ಷಮಿಸಿಬಿಡೋಣ."

"ಎಷ್ಟು ಒಳ್ಳೆ ಮೇಷ್ಟ್ರು!" ಎಂದು ಡಾಕ್ಟರ ಹೆಂಡತಿ ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಹುಡುಗಿ ಮೇಷ್ಟ್ರನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಪಾಠ ಮಾಡದ ಪ್ರಶ್ನೆ ಬಂದಾಗ ಮಕ್ಕಳು ತಲೆಯೆತ್ತಿ ನೋಡುತ್ತಾರಲ್ಲ, ಹಾಗಿತ್ತು.

ಮೆಕ್ಯಾನಿಕ್ ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದು ಜೋಡಿಸಿದ. "ನಿಮ್ಮದು ದೊಡ್ಡ ಮನಸ್ಸು ಸಾರ್" ಅಂದ. ಆಮೇಲೆ ಮಗಳಿಗೆ, "ತಪ್ಪಾಯ್ತು ಅನ್ನು ಸಾರ್‌ಗೆ."

"ನಾನು ಹಾಕಿಲ್ಲಪ್ಪ."

"ಅನ್ನು ಮಗಳೇ."

"ಹಾಕಿಲ್ಲ."

ಅವನ ಮುಖದಲ್ಲಿ ಬೆಳಿಗ್ಗೆಯಿಂದ ಇದ್ದ ನಗು ಆರಿತು. "ಅವಳ ಬದಲು ನಾನು ಹೇಳ್ತೀನಿ ಸಾರ್. ತಪ್ಪಾಯ್ತು" ಎಂದು ಹೇಳಿ, ಮಗಳ ರಟ್ಟೆ ಹಿಡಿದುಕೊಂಡು, ಉಳಿದ ಮೇಜುಗಳನ್ನು ನೋಡದೆ ಹೊರಟುಹೋದ.

ಭಾನುವಾರ ಮೇಷ್ಟ್ರ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ಇವರು ಒಂದೇ ಟವೆಲನ್ನು ಮೂರನೇ ಸಲ ಮಡಚುತ್ತಿದ್ದುದನ್ನು ನೋಡಿ ಕಸಿದುಕೊಂಡು, "ಏನಾಗಿದೇರೀ ನಿಮಗೆ?" ಎಂದಳು. ಹೇಳಿದರು. ಎಲ್ಲವನ್ನೂ, ಚೀಟಿಯಿಂದ ಹಿಡಿದು.

ಅವಳು ಆ ಟವೆಲನ್ನು ತಾನೇ ಮಡಚಿ ಉಳಿದ ಬಟ್ಟೆಗಳ ಮೇಲಿಟ್ಟಳು. "ನೀರು ಹಾಕಿದ್ದು ತಪ್ಪಲ್ಲ ಬಿಡಿ" ಎಂದಳು ಕೊನೆಗೆ. "ಕ್ಷಮಿಸಿದ್ರಲ್ಲ, ಅದು."

"ಸೋಮವಾರ ಹೇಳ್ತೀನಿ."

"ಶುಕ್ರವಾರ ಬಾಯಿಗೆ ಬೀಗ ಹಾಕ್ಕೊಂಡೋರು ಸೋಮವಾರ ಕೀಲಿಕೈ ಎಲ್ಲಿಂದ ತರ್ತೀರೋ."

ಸೋಮವಾರ ನೋಟ್‌ಬುಕ್ಕುಗಳ ಕಟ್ಟು ಮೇಜಿನ ಮೇಲೆ ಬಂದು ಕೂತಿತು. ಅವಳದು ಕೆಳಗಿನಿಂದ ಎರಡನೆಯದು. ಹತ್ತನೇ ದಿನದ ಸಾಲನ್ನು ಅವಳು ಅಳಿಸಿರಲಿಲ್ಲ. 'ನಾನಲ್ಲ' ಹಾಗೆಯೇ ಇತ್ತು. ಅದರ ಕೆಳಗೆ ದೊಡ್ಡವರ ಒರಟು ಅಕ್ಷರದಲ್ಲಿ, ಪೆನ್ನು ಹಾಳೆಯ ಆಚೆ ಉಬ್ಬುವಷ್ಟು ಒತ್ತಿ ಬರೆದಿತ್ತು: 'ನೀರು ಹಾಕಿದ್ದು ನನ್ನ ಮಗಳೇ. ತಪ್ಪಾಯಿತು. ಇನ್ನು ಮೇಲೆ ಹೀಗಾಗದು.' ರುಜುವಿನ ಪಕ್ಕದಲ್ಲಿ ಗ್ರೀಸಿನ ಹೆಬ್ಬೆರಳ ಗುರುತು. ಅದನ್ನು ಒರೆಸಲು ಹೋಗಿ ಇನ್ನಷ್ಟು ಹರಡಿತ್ತು.

ಮೇಷ್ಟ್ರು ನೋಟ್‌ಬುಕ್ಕು ಹಿಡಿದುಕೊಂಡೇ ಎದ್ದು ನಿಂತರು.

"ಎಲ್ರೂ ಕೇಳಿ. ಆರನೇ ಮೇಜಿನ ಲೋಟಕ್ಕೆ ನೀರು ಹಾಕಿದ್ದು ನಾನು. ಅವಳಲ್ಲ. ಅವಳು ಬರೆದಿದ್ದು ನಿಜ. ನಾನು ಶುಕ್ರವಾರ ಹೇಳ್ಬೇಕಿತ್ತು, ಹೇಳಲಿಲ್ಲ. ಸುಳ್ಳು ಹೇಳಿದೆ."

ಡಾಕ್ಟರ ಮಗ, ಪೂರ್ತಿ ಗಂಭೀರವಾಗಿ, "ಹಾಗಾದ್ರೆ ನಿಮ್ಮ ಮಾರ್ಕ್ಸ್ ಕಟ್ಟಾ ಸಾರ್?" ಅಂದ.

"ಕಟ್ಟು ಕಣೋ."

"ಎಷ್ಟು?"

"ಮುಚ್ಕೊಂಡು ಕೂತ್ಕೊಳೋ" ಎಂದು ಅದೇ ಮೇಜಿನ ಬೀರುವಿನ ಗಿಡದ ಹುಡುಗಿ ಅವನ ಪಕ್ಕೆಗೆ ತಿವಿದಳು.

ಸ್ಕೇಲು ಎದ್ದು ಬಂದು, ಮೇಷ್ಟ್ರ ಕೈಯಿಂದ ತನ್ನ ನೋಟ್‌ಬುಕ್ಕು ತೆಗೆದುಕೊಂಡು ಅವರ ಮೇಜಿನ ಮೇಲೆಯೇ ಬಿಚ್ಚಿ ಇಟ್ಟಳು. ಪೆನ್ಸಿಲಿನ ತುದಿ ನೋಡಿಕೊಂಡಳು.

"ಯಾವತ್ತು ಹಾಕಿದ್ರಿ ಸಾರ್?"

"ಒಂಬತ್ತನೇ ದಿನ. ಬುಧವಾರ ಸಂಜೆ."

"ಎಷ್ಟು ಗಂಟೆಗೆ?"

"ಐದು ಗಂಟೆ ಇರ್ಬೇಕು."

"ಎಷ್ಟು ನೀರು?"

"ಅರ್ಧ ಲೋಟ ಆಗಿರ್ಬಹುದು."

ಅವಳು ತಲೆ ಎತ್ತಿದಳು. "ಅಳೀಲಿಲ್ವಾ?"

"ಇಲ್ಲಮ್ಮ."

ಅವಳು 'ಅಳೆದಿಲ್ಲ' ಎಂದು ಬರೆದಳು. ಅಪ್ಪನ ಅಕ್ಷರದ ಕೆಳಗೆ ಜಾಗ ಕಡಿಮೆ ಇತ್ತು, ಅದಕ್ಕೇ ಸಣ್ಣದಾಗಿ.

"ಯಾಕೆ ಹಾಕಿದ್ರಿ?"

"ಅವತ್ತು ನಿನ್ನ ಕೈಯಿಂದ ಚೀಟಿ ಕಿತ್ಕೊಂಡೆನಲ್ಲ. ಅದು ಚುಚ್ಚುತ್ತಿತ್ತು."

ಇದನ್ನು ಕಂಡದ್ದರಲ್ಲಿ ಸೇರಿಸಬೇಕೋ ಅನಿಸಿದ್ದರಲ್ಲೋ ಅವಳಿಗೆ ತಿಳಿಯಲಿಲ್ಲ. ಪೆನ್ಸಿಲು ಅಲ್ಲೇ ನಿಂತಿತು. "ಅಪ್ಪಂಗೂ ಹೇಳ್ತೀರಾ ಸಾರ್?" ಎಂದಳು. "ನಾನು ಹೇಳಿದ್ರೆ ನಂಬಲ್ಲ ಈಗ."

ಶಾಲೆ ಬಿಟ್ಟ ಮೇಲೆ ಇಬ್ಬರೂ ನಡೆದೇ ಹೋದರು. ಗ್ಯಾರೇಜಿನೊಳಗೆ ಒಂದು ಹಳೆಯ ಬಿಳಿ ಕಾರನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿತ್ತು. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಒಳಗೆಲ್ಲೋ ಸ್ಪ್ಯಾನರು ಕಿರ್ರನೆ ತಿರುಗುತ್ತಿತ್ತು.

"ಅಪ್ಪ, ಸಾರ್ ಬಂದಿದಾರೆ."

ಸ್ಪ್ಯಾನರು ನಿಂತಿತು. "ಅಯ್ಯೋ, ಬಂದೆ ಸಾರ್, ಒಂದೇ ನಿಮಿಷ. ಮತ್ತೇನು ಮಾಡಿದ್ಲು?"

ಮೇಷ್ಟ್ರು ಕುಕ್ಕರಗಾಲಲ್ಲಿ ಕೂತರು. ಅವನು ಎದ್ದು ಬಂದು ಎದುರಿಗೆ ನಿಂತರೆ ಆ ಮುಖ ನೋಡಿ ಹೇಳಲಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. "ಬರಬೇಡಿ, ಅಲ್ಲೇ ಇರಿ" ಅಂದರು. ಎರಡು ಪಾದಗಳ ಜೊತೆ ಮಾತಾಡಿದಂತೆ ಎಲ್ಲವನ್ನೂ ಹೇಳಿದರು. ಚೀಟಿ ಬದಲಾಯಿಸಿದ್ದು, ನೀರು ಹಾಕಿದ್ದು, ಶುಕ್ರವಾರ ಅಷ್ಟು ಜನರ ಎದುರಿಗೆ ದೊಡ್ಡ ಮನಸ್ಸು ತೋರಿಸಿದ್ದು. "ನಿಮ್ಮ ಮಗಳು ಒಂದಕ್ಷರ ಸುಳ್ಳು ಹೇಳಿಲ್ಲ. ಇವತ್ತು ಕ್ಲಾಸಲ್ಲಿ ಹೇಳಿದೀನಿ. ಹೆಡ್ ಮೇಡಂಗೂ ಹೇಳ್ತೀನಿ. ನನ್ನನ್ನ ಬೈದುಬಿಡಿ."

ಒಂದು ಪಾದದ ಹೆಬ್ಬೆರಳು ಮಡಚಿಕೊಂಡು ಹಾಗೆಯೇ ನಿಂತಿತು. ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು.

"ಶುಕ್ರವಾರ ಸಂಜೆ ಹೊಡೆದೆ ಸಾರ್ ಅವಳಿಗೆ" ಎಂದಿತು ದನಿ. "ಹುಟ್ಟಿದಾಗಿಂದ ಒಂದೇಟು ಹಾಕಿರಲಿಲ್ಲ. ನೀರು ಹಾಕಿದ್ದಕ್ಕಲ್ಲ. ಗಿಡಕ್ಕೆ ನೀರು ಹಾಕಿದ್ರೆ ಯಾರಾದ್ರೂ ಹೊಡೀತಾರಾ? ಸುಳ್ಳು ಹೇಳಿದ್ಲು ಅಂತ. ಒಪ್ಕೋ, ಬಿಡ್ತೀನಿ ಅಂದೆ. ಒಪ್ಕೊಳ್ಳಲೇ ಇಲ್ಲ. ಅದಕ್ಕೆ ಇನ್ನೂ ಎರಡು."

ಮೇಷ್ಟ್ರಿಗೆ ಸಿಮೆಂಟಿನ ನೆಲದ ಮೇಲೆ ಕೈಯೂರಬೇಕಾಯಿತು.

"ಅವಳೆಲ್ಲಿ ಸಾರ್?"

"ಇಲ್ಲೇ ಇದಾಳೆ."

"ಸ್ವಲ್ಪ ಆಚೆ ಕರ್ಕೊಂಡು ಹೋಗಿ. ನಾನು ಈಚೆ ಬರ್ಬೇಕು."

ಮೇಷ್ಟ್ರು ತಿರುಗಿ ನೋಡಿದರೆ ಬಾಗಿಲ ಹತ್ತಿರ ಅವಳ ಚೀಲ ಮಾತ್ರ ಇತ್ತು. ಹುಡುಗಿ ಕಾರಿನ ಆಚೆ ಬದಿಗೆ ಸುತ್ತಿಕೊಂಡು ಹೋಗಿ ಆಗಲೇ ನೆಲಕ್ಕೆ ಮಲಗಿದ್ದಳು. ಎಣ್ಣೆ ಚೆಲ್ಲಿದ ನೆಲ, ತಿಳಿನೀಲಿ ಯೂನಿಫಾರಂ. "ಪುಟ್ಟಿ, ಬಟ್ಟೆ..." ಎಂದರು ಮೇಷ್ಟ್ರು. ಅವಳು ಕೇಳಿಸಿಕೊಳ್ಳಲಿಲ್ಲ. ಮೊಣಕೈ ಊರಿ, ಒಂದೊಂದೇ ಗೇಣು ಒಳಗೆ ತೆವಳಿದಳು.

ಸ್ವಲ್ಪ ಹೊತ್ತಾದ ಮೇಲೆ ಸ್ಪ್ಯಾನರು ಕೈಯಿಂದ ಜಾರಿ ನೆಲಕ್ಕೆ ಬಿದ್ದ ಸದ್ದಾಯಿತು. ಯಾರೂ ಎತ್ತಿಕೊಳ್ಳಲಿಲ್ಲ. ಮೇಷ್ಟ್ರು ಹೋಗಲೂ ಆಗದೆ ನಿಲ್ಲಲೂ ಆಗದೆ ಅಲ್ಲೇ ಇದ್ದರು. ಕಾರಿನ ಈ ಬದಿಯಲ್ಲಿ ಎರಡು ದೊಡ್ಡ ಬರಿಗಾಲು, ಆ ಬದಿಯಲ್ಲಿ ಕಪ್ಪು ಶೂ ಹಾಕಿದ ಎರಡು ಸಣ್ಣ ಕಾಲು, ಒಂದರ ಲೇಸು ಬಿಚ್ಚಿಕೊಂಡಿತ್ತು.