ಬೆನ್ನಿಗೂ ಒಂದು ಪದರ

ದರೋಡೆಕೋರರ ಅಂಗಿಗೆ ಧೂಳು ಬಳಿಯುವುದು, ಪೊಲೀಸರ ಅಂಗಿಗೆ ಇಸ್ತ್ರಿ ಹಾಕುವುದು: ಆ ಹಿಂದಿ ಚಿತ್ರದ ಸೆಟ್ಟಿನಲ್ಲಿ ಟೈಲರಕ್ಕನಿಗೆ ಕೈತುಂಬ ಕೆಲಸ. ಅಂದು ಬೆಳಿಗ್ಗೆ ಮಾತ್ರ ಅವಳ ಜೀವವೆಲ್ಲ ಒಂದೇ ಪ್ಯಾಂಟಿನ ಎಡ ಮೊಣಕಾಲಿನಲ್ಲಿತ್ತು.

ಪ್ಯಾಂಟು ಅವಳ ತಮ್ಮನದು. ಡಕಾಯಿತರ ಬಂಟನಾಗಿ ಅವನು ಮಾಳಿಗೆಯಿಂದ ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆ ಬೀಳಬೇಕಿತ್ತು. ಹಿಂದಿನ ಚಿತ್ರದಲ್ಲಿ ಪೆಟ್ಟಾದ ಮೊಣಕಾಲು ಇನ್ನೂ ನೆಟ್ಟಗಾಗಿರಲಿಲ್ಲ. ಮತ್ತೆ ಪೆಟ್ಟಾದರೆ ನಡೆಯುವುದೇ ಅನುಮಾನ ಎಂದಿದ್ದರು ಡಾಕ್ಟರು. ಬಾಯಿಬಿಟ್ಟರೆ ಫೈಟ್ ಮಾಸ್ಟರ್ ಮನೆಗೆ ಕಳಿಸುತ್ತಾರೆ. ಹಾಗೆ ಹೋದವರನ್ನು ಮತ್ತೆ ಯಾರೂ ಕರೆಯುವುದಿಲ್ಲ.

"ಹೇಳ್ಬಿಡೋ, ನನ್ನಪ್ಪ."

"ನೀನು ಹೊಲಿಯೇ ಅಕ್ಕಾ. ಬೀಳೋನು ನಾನಲ್ವಾ?"

"ಬೀಳೋನು ನೀನು, ಎತ್ತೋಳು ಯಾರೋ?"

ಅವನು ನಗುತ್ತ ಹೊರಟುಹೋದ. ಅವಳು ಪ್ಯಾಂಟಿನ ಮೊಣಕಾಲಿನ ಒಳಗೆ ಎರಡನೆಯ ಪದರ ಸ್ಪಂಜು ಇಟ್ಟು ಹೊಲಿಯುತ್ತಿದ್ದಾಗ ಸ್ಟಂಟ್ ತಂಡದ ಮೀಸೆಯವನು ಅಂಗಿಗೆ ಗುಂಡಿ ಹಾಕಿಸಲು ಬಂದ. ಇನ್ಸ್‌ಪೆಕ್ಟರ್ ಪಾತ್ರದ ನಾಯಕನಿಗೆ ಅವನೇ ಡ್ಯೂಪು. ತಮ್ಮನನ್ನು ತಳ್ಳಬೇಕಾದವನೂ ಅವನೇ. ಇಬ್ಬರೂ ಹಾವು ಮುಂಗುಸಿ. ಅವಳು ಗಡಿಬಿಡಿಯಲ್ಲಿ ಪ್ಯಾಂಟನ್ನು ಸೆರಗಿನಡಿ ಮುಚ್ಚಿದಳು. ಅಷ್ಟರಲ್ಲಿ ಅವನು ನೋಡಿಯಾಗಿತ್ತು.

"ಅಕ್ಕಾ, ನನ್ನ ಅಂಗಿ ಬೆನ್ನಿಗೂ ಒಂದು ಪದರ ಹಾಕಿ."

"ತಳ್ಳೋನಿಗೆ ಯಾಕಪ್ಪ ಸ್ಪಂಜು?"

"ಪೊಲೀಸು ಸ್ವಲ್ಪ ದಪ್ಪ ಕಾಣ್ಬೇಡ್ವಾ?"

ಎಂಥ ಶೋಕಿ ಎಂದು ಗೊಣಗುತ್ತಲೇ ಹೊಲಿದುಕೊಟ್ಟಳು.

ಮಾಳಿಗೆಯ ಮೇಲೆ ಹೊಗೆ, ಗುಂಡಿನ ಸದ್ದು. ಅಂಚಿಗೆ ಬಂದಾಗ ಮೀಸೆಯವನು ತಳ್ಳಲಿಲ್ಲ. ತಮ್ಮನನ್ನು ಬಾಚಿ ತಬ್ಬಿದ. ಗಾಳಿಯಲ್ಲೇ ಹೊರಳಿ, ಅವನನ್ನು ಎದೆಯ ಮೇಲೆ ಹೊತ್ತು, ತಾನು ಅಡಿಯಾಗಿ ಪೆಟ್ಟಿಗೆಗಳ ಮೇಲೆ ಬಿದ್ದ. ಮೊದಲು ಎದ್ದವನು ತಮ್ಮ, ಎರಡೂ ಕಾಲಿನ ಮೇಲೆ. ಮೀಸೆಯವನು ಬೆನ್ನು ಉಜ್ಜಿಕೊಳ್ಳುತ್ತ ನಿಧಾನವಾಗಿ ಎದ್ದ.

"ತಳ್ಳೋ ಅಂದ್ರೆ ನೀನ್ಯಾಕೋ ಬಿದ್ದೆ?" ಮಾಸ್ಟರ್ ಗುಡುಗಿದರು.

"ಕಾಲು ಜಾರ್ತು ಮಾಸ್ಟರ್."

ನಿರ್ದೇಶಕರು ಮಾನಿಟರಿನಲ್ಲಿ ಒಮ್ಮೆ ನೋಡಿದರು, ಮತ್ತೆ ನೋಡಿದರು. "ಇದೇ ಇರ್ಲಿ. ಇನ್ನೊಂದು ಟೇಕ್ ಬೇಡ."

ಚಿತ್ರ ಬಿಡುಗಡೆಯಾದಾಗ ಟಾಕೀಸು ತುಂಬಿತ್ತು. ಟೈಲರಕ್ಕನಿಗೆ ಹಿಂದಿ ಅಷ್ಟಕ್ಕಷ್ಟೆ. ಆ ಪಕ್ಕ ತಮ್ಮ, ಈ ಪಕ್ಕ ಮೀಸೆಯವನು. ಯಾರ ಸೀಟು ಮುರಿದದ್ದು ಎಂದು ಅವಳ ತಲೆಯ ಮೇಲಿಂದಲೇ ಜಗಳ.

"ಸುಮ್ನಿರ್ರೋ ಇಬ್ರೂ, ಅದೇ ಸೀನು ಬಂತು!"

ಸತ್ತರೂ ಕಳ್ಳನನ್ನು ಬಿಡದ ಪೊಲೀಸನ ಛಲ ಕಂಡು ಜನ ಶಿಳ್ಳೆ ಹೊಡೆದರು. ಟೈಲರಕ್ಕ ಕಂಡದ್ದು ಬೇರೆ. ಬೀಳುವಾಗ ಆ ಪೊಲೀಸು ಕಳ್ಳನ ಎಡ ಮೊಣಕಾಲನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದ.